ಕಾರ್ಬಿ ವಂಶದ ಕೊನೆಯ ಮರಿಗಳು

ಐಸಾ ಲೇಡ್ಲಾಳ ಮನೆಗೆ ನಾಯಿಮರಿ ಕೇಳಿಕೊಂಡು ಬಂದವರು ಮೊದಲು ಅಡುಗೆಮನೆಯ ಕಲ್ಲುನೆಲದ ಮೇಲೆ ಕೂರಬೇಕಿತ್ತು. ಮನೆಯಲ್ಲಿ ಕುರ್ಚಿಗಳಿದ್ದವು, ಆದರೆ ಮರಿ ಬೇಕೆಂದವರಿಗೆ ನೆಲವೇ. ಅವರ ಸುತ್ತ ಮರಿಗಳನ್ನು ಬಿಟ್ಟು ಐಸಾ ಒಲೆಯ ಕಡೆ ತಿರುಗಿ ಬಾರ್ಲಿ ಸೂಪು ಕಲಕುತ್ತ ನಿಲ್ಲುತ್ತಿದ್ದಳು. ನೋಡದವಳಂತೆ ಎಲ್ಲವನ್ನೂ ನೋಡುತ್ತಿದ್ದಳು. ಮರಿ ಷೂ ದಾರ ಕಚ್ಚಿದರೆ ಕಾಲು ಎಳೆದುಕೊಳ್ಳುವವರು, ಉಚ್ಚೆ ಹೊಯ್ದರೆ ಎದ್ದು ನಿಲ್ಲುವವರು, ಮುಂಗಾಲು ಹಿಡಿದು ಮರಿಯನ್ನು ಮೇಲೆತ್ತುವವರು, ಇವರಿಗೆಲ್ಲ ಚಹಾ ಸಿಗುತ್ತಿತ್ತು, ಮರಿ ಸಿಗುತ್ತಿರಲಿಲ್ಲ.

ಒಮ್ಮೆ ಎಸ್ಟೇಟಿನ ಒಡೆಯನ ತಂಗಿಯೇ ಬಂದಿದ್ದಳು. ಆ ದಿನ ನಾನೂ ಅಲ್ಲಿದ್ದೆ. ನಾನು ಈ ಕಣಿವೆಯ ಪಶುವೈದ್ಯೆ, ಮರಿಗಳ ಉಗುರು ಕತ್ತರಿಸಲು ಹೋಗಿದ್ದೆ.

"ಇಲ್ಲೇ ಕೂರಬೇಕಾ?" ಎಂದಳು ಆಕೆ, ನೆಲವನ್ನೂ ಐಸಾಳನ್ನೂ ನೋಡುತ್ತ.

"ಹೌದಮ್ಮ, ಇಲ್ಲೇ."

"ನನ್ನ ಲಂಗ ಹಾಳಾಗುತ್ತಲ್ಲ!"

"ಆಗುತ್ತೆ. ಇನ್ನು ಮುಂದೆ ದಿನಾ ಆಗುತ್ತೆ. ಅಭ್ಯಾಸ ಮಾಡ್ಕೊಳ್ಳಿ. ಇಲ್ಲಾಂದ್ರೆ ಒಂದು ಬೆಕ್ಕು ಸಾಕ್ಕೊಳ್ಳಿ, ಅದು ತನ್ನ ಪಾಡಿಗೆ ತಾನಿರುತ್ತೆ."

ಆಕೆ ಕೂತಳು. ಆದರೂ ಆ ದಿನ ಐಸಾ ಮರಿ ಕೊಡಲಿಲ್ಲ. ಇನ್ನೆರಡು ಸಲ ಬಂದು ಕೂತ ಮೇಲೆ ಕೊಟ್ಟಳು.

ಸ್ಕಾಟ್ಲೆಂಡಿನ ಈ ಗಡಿಸೀಮೆಯಲ್ಲಿ ಐಸಾಳ ಅಪ್ಪ ಬೇಟೆಕಾಡಿನ ಕಾವಲುಗಾರನಾಗಿದ್ದ. ಅವಳು ಕಟ್ಟಿಕೊಂಡವನೂ ಕಾವಲುಗಾರನೇ. ಅವನು ಎದೆರೋಗದಿಂದ ಬೇಗ ತೀರಿಕೊಂಡ. ಎಸ್ಟೇಟಿನವರು ಮನೆಯನ್ನು ಅವಳಿಗೇ ಬಿಟ್ಟುಕೊಟ್ಟರು. ಮನೆಯ ಜೊತೆ ಅವಳಿಗೆ ಉಳಿದದ್ದು ಮಗಳು ರೋನಾ, ಮತ್ತು ಅಪ್ಪನ ಕಾಲದಿಂದ ತಾಯಿಯಿಂದ ಮಗಳಿಗೆ ಇಳಿದುಬಂದ ಕಪ್ಪು ಲ್ಯಾಬ್ರಡಾರ್‌ಗಳ ಒಂದು ವಂಶ. ಆ ಮನೆಯ ನಾಯಿಗಳಿಗೆಲ್ಲ ಕಪ್ಪು ಹಕ್ಕಿಗಳ ಹೆಸರಿಡುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ಕಾರ್ಬಿ ಎಂದರೆ ನಮ್ಮ ಕಡೆ ಕಾಗೆ.

ವರ್ಷಕ್ಕೆ ಒಂದೇ ಸೂಲು. ಹೆರಿಗೆಯ ಪೆಟ್ಟಿಗೆಯನ್ನು ಅವಳ ಗಂಡ ಲಾರ್ಚ್ ಮರದಿಂದ ಮಾಡಿದ್ದ. ತಾಯಿ ಮೈಚಾಚಿದಾಗ ಮರಿ ಗೋಡೆಗೆ ಸಿಕ್ಕಿ ಅಪ್ಪಚ್ಚಿಯಾಗದಂತೆ ಒಳಗಡೆ ಸುತ್ತಲೂ ಒಂದು ಅಡ್ಡಪಟ್ಟಿ. ಹೆರಿಗೆಯಾದ ಮೇಲೆ ಕೆಲವು ವಾರ ಐಸಾಳ ಹಾಸಿಗೆ ಆ ಪೆಟ್ಟಿಗೆಯ ಪಕ್ಕದಲ್ಲೇ. ಮೊಲೆ ಸಿಗದೆ ಹಿಂದುಳಿಯುವ ಪೀಚು ಮರಿಯನ್ನು ಏಪ್ರನ್ನಿನ ಎದೆಗೆ ಸೇರಿಸಿಕೊಂಡೇ ರೊಟ್ಟಿ ಬೇಯಿಸುತ್ತಿದ್ದಳು, ಬಟ್ಟೆ ಹಿಂಡುತ್ತಿದ್ದಳು. ಕಣ್ಣು ಬಿಟ್ಟ ಮೇಲೆ ಪಾಠ. ಊಟದ ತಟ್ಟೆಗೆ ಬಾಯಿ ಹಾಕಿರುವಾಗ ದೂರದ ಕೊಟ್ಟಿಗೆಯಲ್ಲಿ ತಗಡು ಬಡಿಯುವುದು, ದಿನದಿನಕ್ಕೆ ಹತ್ತಿರ ಬಂದು ಬಡಿಯುವುದು. ಮುಂದೆ ಬಂದೂಕಿನ ಸದ್ದಿಗೆ ಆ ಮರಿ ಕಿವಿ ಸಹ ಅಲುಗಿಸುತ್ತಿರಲಿಲ್ಲ. ಆಮೇಲೆ ಪಾರಿವಾಳದ ರೆಕ್ಕೆ, ಆಮೇಲೆ ಬೇಯಿಸಿದ ಮೊಟ್ಟೆ, ಕೊನೆಗೆ ಹಸಿ ಮೊಟ್ಟೆ. ಹಸಿ ಮೊಟ್ಟೆಯನ್ನು ಬಾಯಲ್ಲಿ ಹಿಡಿದು ಅಂಗಳ ದಾಟಿ ತಂದು ಅವಳ ಕೈಗೆ ಇಡಬೇಕು. ಒಡೆದರೆ ಬೈಗುಳವಿಲ್ಲ. ನಾಳೆ ಇನ್ನೊಂದು ಮೊಟ್ಟೆ.

"ಅತ್ತಿಗೆ, ನಿಮ್ಮ ನಾಯಿಗಳು ತಿಂದಷ್ಟು ಮೊಟ್ಟೆ ನಮ್ಮಣ್ಣ ತನ್ನ ಜೀವಮಾನದಲ್ಲಿ ತಿಂದಿಲ್ಲ," ಎನ್ನುತ್ತಿದ್ದ ಮೈದುನ ವಾಟಿ. ಅವನೂ ಅದೇ ಎಸ್ಟೇಟಿನಲ್ಲಿ, ಬೇಟೆಯ ದಿನ ಬಂದೂಕಿನವರ ಕಡೆಗೆ ಪೊದೆಗಳಿಂದ ಹಕ್ಕಿ ಎಬ್ಬಿಸುವ ಕೆಲಸಕ್ಕೆ ಹೋಗುತ್ತಿದ್ದವನು. ಮದುವೆಯಾಗದವನು. ಊಟಕ್ಕೆ ಐಸಾಳ ಮನೆಗೇ ಬರುತ್ತಿದ್ದ.

"ನಿಮ್ಮಣ್ಣ ಮೊಟ್ಟೆ ಒಡೀದೆ ತಂದುಕೊಟ್ಟಿದ್ರೆ ಅವರಿಗೂ ಹಾಕ್ತಿದ್ದೆ ಬಿಡು," ಎನ್ನುತ್ತಿದ್ದಳು ಇವಳು.

ಕಾರ್ಬಿ ಎಂಬ ಗಂಡುನಾಯಿ ಹುಟ್ಟಿದ್ದು ಹೀಗೆ ಬೆಳೆದ ಮರಿಗಳ ನಡುವೆಯೇ. ಬೇಟೆನಾಯಿಗೆ ಮೂಗು, ಕಾಲು ಎಲ್ಲ ಬೇಕು ನಿಜ. ಆದರೆ ಕಾವಲುಗಾರರು ಮೊದಲು ನೋಡುವುದು ಬಾಯಿ. ಬಿದ್ದ ಹಕ್ಕಿಯನ್ನು ಹಲ್ಲು ತಾಕಿಸದೆ ಎತ್ತಿ ತರುವ ಮೆತ್ತನೆಯ ಬಾಯಿ. ಒಂದು ದಿನ ಮುಳ್ಳುಪೊದೆಯಿಂದ ಕಾರ್ಬಿ ಒಂದು ಕೌಜುಗವನ್ನು ತಂದು ಐಸಾಳ ಅಂಗೈಗಿಟ್ಟಿತು. ಅವಳು ಬೆರಳು ಬಿಚ್ಚಿದಳು. ಹಕ್ಕಿ ಒಮ್ಮೆ ಮೈ ಕೊಡವಿ ಹಾರಿಹೋಯಿತು. ಅದಕ್ಕೆ ಗುಂಡು ತಾಕಿರಲೇ ಇಲ್ಲ, ಸದ್ದಿಗೆ ಹೆದರಿ ಪೊದೆಯಲ್ಲಿ ಅವಿತು ಕೂತಿತ್ತು ಅಷ್ಟೆ. ಅಂದಿನಿಂದ ಈ ಸೀಮೆಯಲ್ಲಿ ನಾಯಿಯ ಮಾತೆತ್ತಿದವರು ಕಾರ್ಬಿಯ ಮಾತಿಗೆ ಬಂದೇ ನಿಲ್ಲಿಸುತ್ತಿದ್ದರು.

ನಾಯಿ ಸಾಕುವವರಲ್ಲಿ ಇಲ್ಲೊಂದು ರೂಢಿ ಇದೆ. ಒಂದು ಗಂಡುನಾಯಿ ಇಷ್ಟು ಚೆನ್ನಾಗಿ ಬಂದರೆ, ಅದರ ಮೊಮ್ಮಗಳು ಬೆದೆಗೆ ಬಂದಾಗ ಆ ಅಜ್ಜನಿಗೇ ಕೂಡಿಸುತ್ತಾರೆ. ಅಜ್ಜನ ಗುಣ ಎರಡು ಕಡೆಯಿಂದಲೂ ಬಂದು ಮರಿಗಳಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಲೆಕ್ಕ. ಲೆಕ್ಕ ಸುಳ್ಳಲ್ಲ. ಕುರಿ, ದನ, ಕುದುರೆ ಎಲ್ಲದರಲ್ಲೂ ಇದು ನಡೆದುಬಂದದ್ದೇ. ಆದರೆ ಎರಡು ಕಡೆಯಿಂದ ಬರುವುದು ಒಳ್ಳೆಯದಷ್ಟೇ ಅಲ್ಲ. ಐಸಾ ತನ್ನ ಅಪ್ಪ ಕಲಿಸಿದಂತೆಯೇ ಮಾಡಿದಳು. ಕಾರ್ಬಿ ಮುದಿಯಾಗುವ ಮೊದಲು ಅದರ ಮೊಮ್ಮಗಳನ್ನು ಅದಕ್ಕೆ ಕೂಡಿಸಿದಳು. ಆ ಸೂಲಿನಲ್ಲಿ ಹುಟ್ಟಿದವಳು ಮರ್ಲಿ.

ಮರ್ಲಿ ಕಾರ್ಬಿಯನ್ನೂ ಮೀರಿಸಿದಳು. ಅವಳ ಒಡಹುಟ್ಟಿದ ಮರಿಗಳು ಕಣಿವೆಯ ಕಾವಲುಗಾರರ ಮನೆಗಳಿಗೆ ಹೋದವು. ಮುಂದೆ ಮರ್ಲಿಯ ಮಗಳು ಕೂಟಿಯನ್ನು ಐಸಾ ಯಾರಿಗೂ ಮಾರದೆ ರೋನಾಳ ಕೈಗಿಟ್ಟಳು. ಅದಕ್ಕೆ ಕಾರಣವಿತ್ತು. ರೋನಾ ಹಾವಿಕ್ ಪಟ್ಟಣದ ಉಣ್ಣೆಗಿರಣಿಯ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು, ಅದನ್ನು ಬಿಟ್ಟು ಗಂಡನ ಜೊತೆ ಸೇತುವೆಯಾಚೆ ನಾಯಿಮನೆ ಕಟ್ಟಿದ್ದಳು. ಇಟ್ಟಿಗೆಯ ಕೋಣೆಗಳು, ತಂತಿಬೇಲಿ, ನಲ್ಲಿ ನೀರು. ತಾಯಿಯ ಕೆಲಸ ತನ್ನ ಕೈಯಲ್ಲಿ ಮುಂದುವರಿಯಬೇಕು ಎಂಬುದೊಂದೇ ಆಸೆ. ಐಸಾಳಿಗೂ ಅದೇ ಆಸೆ. ಬಾಯಿ ಬಿಟ್ಟು ಹೇಳುವ ಹೆಂಗಸಲ್ಲ ಅವಳು, ಆದರೆ ರೋನಾಳ ನಾಯಿಮನೆಯ ಬಾಗಿಲಿಗೆ ತನ್ನ ಕೈಯಾರೆ ಹಸಿರು ಬಣ್ಣ ಬಳಿದು ಬಂದಿದ್ದಳು.

ಅದು ಎಪ್ಪತ್ತರ ದಶಕದ ಒಂದು ಡಿಸೆಂಬರ್. ದಿನದ ಕೊನೆಯ ಬೇಟೆ. ಬೆಳಕು ಇಳಿಯುತ್ತಿತ್ತು. ಒಂದು ಕಾಡುಕೋಳಿ ಗೋಡೆಯಾಚೆ ಬಿತ್ತು. ಐಸಾ ಮರ್ಲಿಯನ್ನು ಬಿಟ್ಟಳು. ಹಕ್ಕಿ ಬಿದ್ದ ಜಾಗವನ್ನು ಎಂದೂ ತಪ್ಪದ ನಾಯಿ, ಗೋಡೆಯ ತನಕ ಓಡಿ, ಅಲ್ಲಿ ನಿಂತು, ಮುಂಗಾಲಿನಿಂದ ಕಲ್ಲನ್ನು ಮುಟ್ಟಿ ಮುಟ್ಟಿ ನೋಡಿತು.

"ಏನತ್ತಿಗೆ, ನಿಮ್ಮ ರಾಣಿಗೆ ಇವತ್ತು ಮೆಟ್ಟಿಲು ಹಾಕ್ಕೊಡಬೇಕಾ?" ಎಂದ ವಾಟಿ. ಸುತ್ತಲಿದ್ದವರು ನಕ್ಕರು.

ಐಸಾ ನಗಲಿಲ್ಲ. ನಾಲ್ಕೈದು ದಿನ ನೋಡಿ, ನಾಯಿಯನ್ನು ಕರೆದುಕೊಂಡು ನನ್ನಲ್ಲಿಗೆ ಬಂದಳು.

"ಹಗಲಲ್ಲಿ ಎಲ್ಲ ಸರಿ ಇದೆ ಡಾಕ್ಟ್ರಮ್ಮ. ಸಂಜೆ ಆಯ್ತೂಂದ್ರೆ ಬಾಗಿಲ ಹತ್ರ ನಿಂತುಬಿಡ್ತಾಳೆ. ಕಪ್ಪು ಕೈಗವಸು ಎಸೆದೆ, ಸಿಗಲಿಲ್ಲ. ಬಿಳೀ ಕರವಸ್ತ್ರ ಎಸೆದೆ, ತಂದ್ಲು. ಮೂಗಿಂದ ಹುಡುಕಿದ್ದಾ ಕಣ್ಣಿಂದಾನಾ ಅಂತ ಗೊತ್ತಾಗ್ತಿಲ್ಲ."

ಪರದೆ ಎಳೆದು ಕಣ್ಣಿಗೆ ಟಾರ್ಚು ಬಿಟ್ಟೆ. ಪಾಪೆ ಕಿರಿದಾಗಬೇಕಿತ್ತು, ಆಗಲಿಲ್ಲ. ಒಳಗಿನಿಂದ ಬಂದ ಹೊಳಪು ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಅದು ಏನೆಂದು ನನಗೆ ಗೊತ್ತಾಯಿತು. ಆದರೂ ಎಡಿನ್‌ಬರದ ಕಣ್ಣಿನ ತಜ್ಞರಿಗೆ ತೋರಿಸಿದೆವು. ಹೊಸ ವರ್ಷ ಕಳೆದ ಮೇಲೆ ಅವರ ಮಾತು ಬಂತು. ಕಣ್ಣಿನ ಹಿಂದಿನ ಪದರ ಸವೆಯುತ್ತಿದೆ. ಮೊದಲು ಮಬ್ಬಿನಲ್ಲಿ ಕಾಣಿಸುವುದಿಲ್ಲ, ಆಮೇಲೆ ಹಗಲಿನಲ್ಲೂ ಕಾಣಿಸುವುದಿಲ್ಲ. ಔಷಧವಿಲ್ಲ. ಹುಟ್ಟಿನಿಂದ ಬಂದದ್ದು, ಆದರೆ ನಡುವಯಸ್ಸಿನ ತನಕ ಗುರುತು ಸಿಗುವುದಿಲ್ಲ. ತಾಯಿ ತಂದೆ ಇಬ್ಬರ ಕಡೆಯಿಂದಲೂ ಬಂದಾಗ ಮಾತ್ರ ಮರಿ ಕುರುಡಾಗುತ್ತದೆ. ಒಬ್ಬರ ಕಡೆಯಿಂದ ಬಂದಿದ್ದರೆ ಆ ನಾಯಿ ಸಾಯುವ ತನಕ ಚೆನ್ನಾಗಿ ನೋಡುತ್ತದೆ, ತನ್ನ ಮಕ್ಕಳಿಗೆ ಮಾತ್ರ ದಾಟಿಸುತ್ತದೆ.

ಐಸಾ ಎಲ್ಲವನ್ನೂ ಕೇಳಿಸಿಕೊಂಡಳು. ನಾಯಿಯ ಕಿವಿಯನ್ನು ಬೆರಳಲ್ಲಿ ಮಡಚುತ್ತ ಬಿಚ್ಚುತ್ತ ಕೂತಿದ್ದಳು.

"ಹಾಗಾದ್ರೆ ಇದು ಕಾರ್ಬಿಯದ್ದು," ಎಂದಳು. "ಅವನು ಸಾಯೋ ದಿನಾನೂ ಆಕಾಶದಲ್ಲಿ ಗಿಡುಗ ನೋಡಿ ಬೊಗಳಿದ್ದ. ಅವನೊಳಗೆ ಇತ್ತು. ನಾನೇ ಅವನ ಮೊಮ್ಮಗಳನ್ನ ತಂದು ಅವನಿಗೆ ಕೂಡಿಸಿ ಎರಡು ಮಾಡ್ದೆ."

ಹೌದು ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ.

"ಕೂಟಿ?"

"ಕೂಟಿ ಕುರುಡಾಗೋದಿಲ್ಲ ಅಂದ್ಕೊಂಡಿದ್ದೀನಿ, ಅವಳ ಅಪ್ಪ ಬೇರೆ ಕಡೆಯವನು. ಆದರೆ ಮರ್ಲಿಯಿಂದ ಅವಳೊಳಗೆ ಬಂದೇ ಬಂದಿರುತ್ತೆ."

ಐಸಾಳ ಬೆರಳು ನಿಂತಿತು. ಕೂಟಿ ಆಗಷ್ಟೇ ಮರಿ ಹಾಕಿತ್ತು. ರೋನಾಳ ನಾಯಿಮನೆಯ ಮೊದಲ ಸೂಲು ಅದು. ಮರಿಗಳ ತಂದೆ ಪಕ್ಕದ ಎಸ್ಟೇಟಿನಲ್ಲಿದ್ದ ಕಾರ್ಬಿಯ ಮಗ. ರೋನಾ ಮಾಡಿದ್ದು ತಾಯಿಯಿಂದ ಕಲಿತದ್ದನ್ನೇ. ಮರಿಗಳು ಹುಟ್ಟುವ ಮೊದಲೇ ಎಲ್ಲವನ್ನೂ ಕೇಳಿಟ್ಟಿದ್ದರು, ಕಾರ್ಬಿಯ ಹೆಸರು ಎರಡೂ ಕಡೆ ಇದೆಯೆಂದು.

ರೋನಾಳನ್ನು ಕರೆಸಿ ಐಸಾ ಅಡುಗೆಮನೆಯಲ್ಲೇ ಮಾತಾಡಿದಳು, ವಾಟಿ ಅಲ್ಲೇ ಊಟಕ್ಕೆ ಕೂತಿದ್ದ. ನಾನು ಇರಬೇಕೆಂದು ಐಸಾ ಹೇಳಿದ್ದಳು. ನಾನು ಕಾಯಿಲೆಯನ್ನು ವಿವರಿಸಿದೆ. ರೋನಾ ಕೋಟು ಬಿಚ್ಚದೆ ನಿಂತೇ ಕೇಳಿದಳು.

"ಕೂಟಿ ಕಣ್ಣು ಚೆನ್ನಾಗಿದೆ ತಾನೆ?" ಎಂದಳು.

"ಚೆನ್ನಾಗಿದೆ."

"ಮರಿಗಳ ಕಣ್ಣು?"

"ಈಗ ಹೇಳಕ್ಕೆ ಬರಲ್ಲ. ದೊಡ್ಡವಾದ ಮೇಲೇ ಗೊತ್ತಾಗೋದು. ಅವುಗಳ ಅಪ್ಪನೊಳಗೂ ಇದ್ದರೆ ಕೆಲವು ಕುರುಡಾಗ್ತವೆ."

"ಇದ್ದರೆ! ಇಲ್ಲದೇನೂ ಇರಬಹುದಲ್ಲ! ಅಮ್ಮ, ಇದನ್ನ ನೀನು ಯಾರಿಗೆ ಹೇಳಿದ್ದೀಯ?"

"ಇನ್ನೂ ಯಾರಿಗೂ ಇಲ್ಲ. ಎಲ್ಲರಿಗೂ ಹೇಳ್ತೀನಿ. ಮರ್ಲಿ ಜೊತೆ ಹುಟ್ಟಿದ ನಾಯಿ ಎಷ್ಟು ಮನೇಲಿವೆ! ಅವರು ಗೊತ್ತಿಲ್ದೆ ಕೂಡಿಸ್ತಾ ಇರ್ತಾರೆ."

"ಹೇಳು. ಆದ್ರೆ ನನ್ನ ಮರಿಗಳು ಹೋಗೋ ತನಕ ಸುಮ್ನಿರು. ಅಷ್ಟೇ ಕೇಳ್ತಿರೋದು. ಮಾರ್ಚಲ್ಲಿ ಹೇಳು."

ವಾಟಿ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸುತ್ತಿದ್ದವನು ತಲೆ ಎತ್ತಿದ. "ಮಗು ಹೇಳೋದರಲ್ಲೂ ಅರ್ಥ ಇದೆ ಅತ್ತಿಗೆ. ಯಾರು ಬಂದು ಕೇಳಿದ್ದಾರೆ ನಿಮ್ಮನ್ನ? ಈ ಸೀಮೇಲಿ ಮುದಿ ನಾಯಿಗೆ ಕಣ್ಣು ಮಂಜಾದ್ರೆ ವಯಸ್ಸು ಅಂತಾರೆ. ಮುಗೀತು."

"ಮರ್ಲಿ ಮುದುಕಿ ಅಲ್ಲ."

"ನಿಮಗೆ ಗೊತ್ತು, ನನಗೆ ಗೊತ್ತು."

"ನೀನು ತಿಂದಾಯ್ತಲ್ಲ, ಎದ್ದು ತಟ್ಟೆ ತೊಳಿ," ಎಂದಳು ಐಸಾ. ಆಮೇಲೆ ಮಗಳ ಕಡೆ ತಿರುಗಿದಳು. "ರೋನಾ, ಮರಿ ತಗೊಂಡು ಹೋದವರು ಅದನ್ನ ತಮ್ಮ ಮಕ್ಕಳ ಹಾಗೆ ನೋಡ್ಕೋತಾರೆ. ಬೇಟೆ ಕಲಿಸ್ತಾರೆ. ನಾಲ್ಕೈದು ವರ್ಷಕ್ಕೆ ಅದು ಗೋಡೆ ಹತ್ರ ಹೋಗಿ ನಿಂತುಬಿಡುತ್ತೆ. ಆಗ ನಿನ್ನ ಬಾಗಿಲಿಗೆ ಬಂದು, ಗೊತ್ತಿತ್ತಾ ಅಂತ ಕೇಳಿದ್ರೆ ಏನು ಹೇಳ್ತೀಯ?"

"ಗೊತ್ತಿರಲಿಲ್ಲ ಅಂತೀನಿ."

"ನನ್ನ ಮಗಳಾಗಿ?"

"ನಿನ್ನ ಮಗಳಾಗಿದ್ದಕ್ಕೇ ನಾನು ಗಿರಣಿ ಕೆಲಸ ಬಿಟ್ಟಿದ್ದು! ನಿನ್ನ ಮಾತು ಕೇಳಿ ಕೂಡಿಸಿದ್ದು! ನಿನ್ನ ಹತ್ರ ಕಲಿತಿದ್ದನ್ನ ಬಿಟ್ಟು ನಾನೇನು ಮಾಡಿದ್ದೀನಿ, ಹೇಳು. ಈಗ ನೀನು ಒಳ್ಳೆಯವಳಾಗಬೇಕು, ನಾನು ಮುಳುಗಬೇಕು."

ರೋನಾ ಬಾಗಿಲು ಎಳೆದುಕೊಂಡು ಹೋದ ರಭಸಕ್ಕೆ ಗೂಟದಲ್ಲಿದ್ದ ಪಟ್ಟಿ ಸರಪಳಿಗಳೆಲ್ಲ ಅಲ್ಲಾಡಿದವು.

ಬೇಟೆಯ ಕಾಲ ಮುಗಿಯುವುದು ಜನವರಿಯ ಕೊನೆಗೆ. ಆಗ ಒಂದು ದಿನ ಒಡೆಯರು ಬಂದೂಕು ಬದಿಗಿಡುತ್ತಾರೆ. ಆ ದಿನ ಬೇಟೆ ಕಾವಲುಗಾರರದ್ದು, ವರ್ಷವಿಡೀ ಹಕ್ಕಿ ಎಬ್ಬಿಸಿದವರದ್ದು. ಮುಗಿದ ಮೇಲೆ ಸೇತುವೆಯ ಬಳಿಯ ಹೋಟೆಲಿನಲ್ಲಿ ಊಟ, ಕುಡಿತ, ಹಾಡು. ಎರಡು ಕಣಿವೆಗಳ ನಾಯಿ ಸಾಕುವವರೆಲ್ಲ ಒಂದೇ ಕೋಣೆಯಲ್ಲಿ ಸೇರುವುದು ವರ್ಷದಲ್ಲಿ ಅದೊಂದೇ ದಿನ. ಮುಂದಿನ ವರ್ಷ ಯಾವ ಹೆಣ್ಣನ್ನು ಯಾವ ಗಂಡಿಗೆ ಕೂಡಿಸುವುದು ಎಂದು ಮಾತಾಗುವುದೂ ಅಲ್ಲೇ. ಐಸಾ ಕಾಯದಿರಲು ಕಾರಣ ಅದು. ಮಾರ್ಚಿನ ತನಕ ಸುಮ್ಮನಿದ್ದರೆ ಅಷ್ಟರಲ್ಲಿ ಎಷ್ಟೋ ಹೆಣ್ಣುನಾಯಿಗಳು ಗಬ್ಬವಾಗಿರುತ್ತಿದ್ದವು.

ಸೂಪು ಬಡಿಸಿ ಮುಗಿದ ಮೇಲೆ ಅವಳು ಎದ್ದು ನಿಂತಳು. ಕುಳ್ಳು ಹೆಂಗಸು. ಹಿಂದಿನ ಸಾಲಿನವರಿಗೆ ಕಾಣಿಸಲಿಲ್ಲ.

"ಕುರ್ಚಿ ಮೇಲೆ ಹತ್ತು ಐಸಾ!" ಎಂದು ಯಾರೋ ಕೂಗಿದರು. "ಕಾರ್ಬಿ ಕತೆ ಹೇಳು! ಕೌಜುಗ ಹಾರಿಸು!"

"ಕಾರ್ಬಿ ಕತೇನೇ ಹೇಳಕ್ಕೆ ನಿಂತಿರೋದು," ಎಂದಳು. ಹೇಳಿದಳು. ಮರ್ಲಿ ಕುರುಡಾಗುತ್ತಿರುವುದು, ಅದು ಎಲ್ಲಿಂದ ಬಂತು ಎನ್ನುವುದು, ಯಾವ ಯಾವ ಮನೆಯ ಯಾವ ನಾಯಿಯಲ್ಲಿ ಇರಬಹುದು ಎನ್ನುವುದು, ಎಲ್ಲವನ್ನೂ ನೆನಪಿನಿಂದಲೇ. "ಇವನ್ನು ಇನ್ನು ಕೂಡಿಸಬೇಡಿ. ಕುರುಡಾದ ನಾಯಿ ನಿಮಗೆ ಬೇಡವಾದರೆ ಗುಂಡು ಹೊಡೀಬೇಡಿ, ನನ್ನ ಹತ್ರ ತಂದುಬಿಡಿ. ಸೇತುವೆಯಾಚೆ ಕೂಟಿಯ ಮರಿ ಕೇಳಿರೋರು ಯೋಚನೆ ಮಾಡಿ ತಗೊಳ್ಳಿ." ಇಷ್ಟೇ. ತನ್ನ ಬಗ್ಗೆ ಒಂದು ಮಾತೂ ಇಲ್ಲ.

ಬಾಗಿಲ ಬಳಿ ಕೂತಿದ್ದ ಹಿರಿಯ ಕಾವಲುಗಾರನೊಬ್ಬ ಬಿಯರಿನ ಲೋಟ ಕೆಳಗಿಟ್ಟ. "ನನ್ನ ನಾಯಿ ಮಬ್ಬಲ್ಲಿ ಎಡವುತ್ತೆ," ಎಂದ. "ಸೋಮಾರಿ ಆಗಿದ್ದಾನೆ ಅಂತ ಹೊಡೆದೆ. ನಿನ್ನೇನೂ ಹೊಡೆದೆ." ಆ ವರ್ಷ ಯಾರೂ ಹಾಡಲಿಲ್ಲ.

ರೋನಾ ಅದೇ ಕೋಣೆಯಲ್ಲಿದ್ದಳು. ತಾಯಿ ಕೂರುವ ಮೊದಲೇ ಹೊರಟುಹೋದಳು.

ಕೂಟಿಯ ಮರಿಗಳನ್ನು ಕೇಳಿದ್ದವರು ಒಬ್ಬೊಬ್ಬರಾಗಿ ಬೇಡವೆಂದರು. ಫೆಬ್ರವರಿಯ ಒಂದು ಬೆಳಿಗ್ಗೆ ರೋನಾ ನನ್ನ ಚಿಕಿತ್ಸಾಲಯಕ್ಕೆ ಬಂದು ದೊಡ್ಡದೊಂದು ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. ಒಳಗೆ ಆರು ಮರಿಗಳು, ಆಗಷ್ಟೇ ತಾಯಿಹಾಲು ಬಿಟ್ಟು ಗಂಜಿಗೆ ಬಂದಿದ್ದವು. ಒಂದರ ಮೇಲೊಂದು ಬಿದ್ದು ಬುಟ್ಟಿಯ ಬೆತ್ತ ಕಡಿಯುತ್ತಿದ್ದವು.

"ಸೂಜಿ ಹಾಕಿ ಮಲಗಿಸಿಬಿಡಿ," ಎಂದಳು.

"ಕಾಯಿಲೆ ಏನು?"

"ನಿಮಗೇ ಗೊತ್ತಿದೆಯಲ್ಲ. ಕುರುಡು ಮರಿ ಮಾರಿದ್ಲು ಅಂತ ನಾಳೆ ಯಾರೂ ನನ್ನನ್ನ ಅನ್ನಬಾರದು. ಅಮ್ಮನಿಗೆ ಬೇಕಾಗಿದ್ದೂ ಇದೇ ತಾನೆ?"

"ನಿಮ್ಮಮ್ಮ ಕೂಡಿಸಬೇಡಿ ಅಂದಿದ್ದಾಳೆ, ಕೊಲ್ಲಿ ಅಂದಿಲ್ಲ. ಯಾರದೋ ಸಿಟ್ಟು ತೀರಿಸಕ್ಕೆ ನಾನು ಆರೋಗ್ಯವಾಗಿರೋ ಮರಿಗಳಿಗೆ ಸೂಜಿ ಹಾಕೋದಿಲ್ಲ."

"ಸರಿ. ಕೂಟಿಗೆ ಆಪರೇಷನ್ ಮಾಡ್ತೀರಾ? ಇನ್ನು ಮರಿ ಆಗದ ಹಾಗೆ?"

"ಮಾಡ್ತೀನಿ."

"ಗುರುವಾರ ತರ್ತೀನಿ," ಎಂದು ಹೇಳಿ, ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು. ಕಿಟಕಿಯಿಂದ ನೋಡಿದೆ. ಕಾರಿನಲ್ಲಿ ಕೂತು, ಸ್ಟೀರಿಂಗ್ ಚಕ್ರದ ಮೇಲೆ ಹಣೆ ಇಟ್ಟು, ಬಹಳ ಹೊತ್ತು ಎಂಜಿನ್ ಶುರುಮಾಡಲಿಲ್ಲ.

ನಾನು ಐಸಾಳಿಗೆ ಫೋನು ಮಾಡಿದೆ. ವಾಟಿಯ ವ್ಯಾನಿನಲ್ಲಿ ಬಂದಳು. ಬುಟ್ಟಿಯೊಳಗೆ ಕೈ ಹಾಕಿ ಒಂದೊಂದನ್ನೇ ಮುಟ್ಟಿದಳು, ಹೊಟ್ಟೆ, ವಸಡು, ಪಾದ.

"ಚೆನ್ನಾಗಿ ಸಾಕಿದ್ದಾಳೆ," ಎಂದಳು. "ಹೊಟ್ಟೆ ನೋಡಿ ಡಾಕ್ಟ್ರಮ್ಮ, ಎಷ್ಟು ಬಿಗಿಯಾಗಿದೆ. ನಾನು ಹೇಳ್ಕೊಟ್ಟಿದ್ದನ್ನ ಒಂದೂ ಬಿಟ್ಟಿಲ್ಲ."

ಆ ಆರು ಮರಿಗಳನ್ನು ಐಸಾ ಸಾಕಿದ್ದನ್ನು ನಾನು ಹತ್ತಿರದಿಂದ ನೋಡಿದೆ. ಬೇಟೆಗೆ ಹೋಗುವ ನಾಯಿಗಳಲ್ಲ ಅವು ಎಂದು ತಿಳಿದಿದ್ದರೂ ಪಾಠ ಒಂದೂ ತಪ್ಪಲಿಲ್ಲ. ತಗಡು ಬಡಿದಳು. ರೆಕ್ಕೆ ಎಸೆದಳು. ಅಷ್ಟರಲ್ಲಿ ಮರ್ಲಿಗೆ ಹಗಲಿನಲ್ಲೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಮೇಜು ಕುರ್ಚಿ ಒಂದಿಂಚೂ ಸರಿಯದಂತೆ ಐಸಾ ನೋಡಿಕೊಳ್ಳುತ್ತಿದ್ದಳು. ಮರ್ಲಿ ಮಲಗಿದಲ್ಲಿಗೇ ಮೊಮ್ಮಕ್ಕಳು ಬಂದು ಅವಳ ಬಾಲ ಜಗ್ಗುತ್ತಿದ್ದವು. ಆ ನಡುವೆ ಕಾವಲುಗಾರರೂ ಬಂದರು. ಕೆಲವರು ಕುರುಡು ನಾಯಿಯನ್ನು ಹಗ್ಗ ಸಮೇತ ಅವಳ ಕೈಗೆ ಕೊಟ್ಟು, ಮುಖ ನೋಡದೆ ಹೋದರು. ಹಿರಿಯ ಕಾವಲುಗಾರ ಮಾತ್ರ ತನ್ನದನ್ನು ಕೊಡಲಿಲ್ಲ. ಅವನು ಅದನ್ನು ಹೊಡೆದಿದ್ದನಲ್ಲ, ಕೊಡಲು ಮನಸ್ಸು ಬರಲಿಲ್ಲ ಎಂದು ಕಾಣುತ್ತದೆ.

ಎರಡು ತಿಂಗಳು ತುಂಬುತ್ತಲೇ ಮರಿ ಹೊಸ ಮನೆ ಸೇರಬೇಕು. ಐಸಾಳ ಮನೆಯಲ್ಲಿ ಅದು ಮುರಿಯದ ನಿಯಮ. ಆ ವಯಸ್ಸಿನಲ್ಲಿ ಮರಿ ಯಾರ ಮಡಿಲಲ್ಲಿರುತ್ತದೋ ಅವರನ್ನು ತನ್ನವರೆಂದು ಹಿಡಿದುಕೊಳ್ಳುತ್ತದೆ. ದಾಟಿಹೋದರೆ ಹೊಸಬರನ್ನು ಕಂಡು ಹೆದರುವ ನಾಯಿಯಾಗುತ್ತದೆ. ಬೇಟೆಯಾಡದ ಮನೆಗಳನ್ನು ಹುಡುಕಿದಳು. ಬ್ರೆಡ್ಡಿನ ಅಂಗಡಿಯವರು, ನಿವೃತ್ತ ಪಾದ್ರಿ, ಅಂಚೆಯವನ ಅತ್ತೆ. ಎಲ್ಲರೂ ಕಲ್ಲುನೆಲದ ಮೇಲೆ ಕೂತರು. ಎಲ್ಲರಿಗೂ ಒಂದೇ ಮಾತು: ಇದು ಮುಂದೆ ಕುರುಡಾಗಬಹುದು, ಆಗದೇ ಇರಬಹುದು, ಇದರಿಂದ ಮರಿ ಮಾಡಿಸಬಾರದು. ದುಡ್ಡು ತೆಗೆದುಕೊಳ್ಳಲಿಲ್ಲ.

ಐದು ಹೋದವು. ಒಂದು ಹೆಣ್ಣುಮರಿ ಉಳಿಯಿತು. ಉಳಿದವುಗಳಿಗಿಂತ ಚಿಕ್ಕದು, ಹಸಿ ಮೊಟ್ಟೆಯನ್ನು ಮೊದಲ ದಿನವೇ ಒಡೆಯದೆ ತಂದದ್ದು. ಕೇಳಿಕೊಂಡು ಹಲವರು ಬಂದರು. ಐಸಾ ಅದನ್ನು ತೋರಿಸಲೇ ಇಲ್ಲ. ಕೊಟ್ಟಿಗೆಯಲ್ಲಿ ಮುಚ್ಚಿಟ್ಟು ಎಲ್ಲ ಮುಗಿಯಿತೆಂದಳು.

"ಯಾರಿಗೆ ಇಟ್ಟಿದ್ದೀರೋ ನನಗೆ ಗೊತ್ತು," ಎಂದ ವಾಟಿ, ನನ್ನೆದುರಿಗೇ. "ನಾನು ಹೋಗಿ ಹೇಳ್ಲಾ? ಒಂದು ಮಾತು. ನಿಮ್ಮಮ್ಮ ನಿನಗೋಸ್ಕರ ಒಂದನ್ನ ಇಟ್ಕೊಂಡು ಕೂತಿದ್ದಾಳೆ ಅಂತ."

"ನಿನ್ನ ನಾಲಿಗೆ ಕಿತ್ತು ಮರ್ಲಿಗೆ ಹಾಕ್ತೀನಿ."

"ಅಯ್ಯೋ ಹಾಕಿ, ಹಾಕಿ. ಅದಕ್ಕಾದ್ರೂ ರುಚಿ ಗೊತ್ತಾಗ್ಲಿ. ಹೇಳದೆ ಅವಳಿಗೆ ಹೇಗೆ ಗೊತ್ತಾಗಬೇಕು ಅತ್ತಿಗೆ?"

"ಮರಿ ಇದೆ ಅಂತ ಬರೋದು ಬೇಡ. ಬರಬೇಕು ಅನ್ನಿಸಿ ಬರಲಿ. ಬಂದಾಗ ಕೊಡ್ತೀನಿ."

ಮಾರ್ಚ್ ಕಳೆಯಿತು. ರೋನಾಳ ಕಾರು ಮನೆಯ ಮುಂದಿನ ರಸ್ತೆಯಲ್ಲೇ ಹಾವಿಕ್‌ಗೆ ಹೋಗುತ್ತಿತ್ತು, ಬರುತ್ತಿತ್ತು. ಅವಳು ಗಿರಣಿಗೆ ಮತ್ತೆ ಸೇರಿದ್ದಳು. ಆ ಸದ್ದು ಕೇಳಿದಾಗಲೆಲ್ಲ ಐಸಾ ಮಾಡುತ್ತಿದ್ದ ಕೆಲಸ ನಿಲ್ಲಿಸುತ್ತಿದ್ದಳು, ಸದ್ದು ದಾಟಿದ ಮೇಲೆ ಮುಂದುವರಿಸುತ್ತಿದ್ದಳು. ಏಪ್ರಿಲ್ ಬಂತು. ಕಲ್ಲುಗೋಡೆಗಳ ಕೆಳಗೆ ಕುರಿಮರಿಗಳು ತುಂಬಿದವು. ನಾಯಿಮರಿ ಎತ್ತರವಾಯಿತು. ನಾನು ಒಳಗೆ ಹೋದರೆ ಐಸಾಳ ಕಾಲ ಹಿಂದೆ ಅಡಗುತ್ತಿತ್ತು. ಅವಳು ಒಲೆಯ ಹತ್ತಿರ ಹೋದರೆ ಒಲೆಯ ಹತ್ತಿರ, ಬಾವಿಗೆ ಹೋದರೆ ಬಾವಿಗೆ. ಹಾಗಾಗಬಾರದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ನೀನೇ ಇಟ್ಕೋ," ಎಂದೆ ನಾನು.

"ನನಗೆ ಎಪ್ಪತ್ತಾಯ್ತು ಡಾಕ್ಟ್ರಮ್ಮ. ಮನೆ ತುಂಬ ಕುರುಡು ನಾಯಿಗಳಿವೆ. ಇದಕ್ಕೂ ಕಣ್ಣು ಹೋಗೋದಾದ್ರೆ ಆ ಹೊತ್ತಿಗೆ ಕೈ ಹಿಡಿಯೋಕೆ ನಾನಿರಲ್ಲ. ನನಗೆ ಅಂಟ್ಕೊಂಡು ಆಮೇಲೆ ಏನು ಮಾಡಬೇಕು ಅದು?" ಬಗ್ಗಿ ಮರಿಯ ತಲೆ ಸವರುತ್ತ ಹೇಳಿದಳು, "ನನ್ನ ಆಸೆಗೋಸ್ಕರ ಒಂದು ಮರಿ ಹಾಳುಮಾಡ್ತಾ ಇದ್ದೀನಿ. ಹಿಂಗೆ ಬೇರೆಯವರು ಮಾಡಿದ್ರೆ ಬಾಗಿಲಾಚೆ ಕಳಿಸ್ತಿದ್ದೆ."

ಮುಂದಿನ ಶನಿವಾರ ಊರಿನ ಆಸ್ಪತ್ರೆಯ ನರ್ಸ್ ಒಬ್ಬಳನ್ನು ಕರೆಸಿದಳು. ತಾಳ್ಮೆಯ ಹೆಂಗಸು. ಮರಿ ಮೇಜಿನ ಕೆಳಗಿನಿಂದ ಹೊರಗೆ ಬರಲೇ ಇಲ್ಲ. ನರ್ಸ್ ನೆಲದ ಮೇಲೆ ಕೂತಳು, ಅರ್ಧ ದಿನ ಕೂತಳು, ಮಾತಾಡಿಸದೆ, ಕೈ ಚಾಚದೆ. ಕೊನೆಗೆ ಮರಿ ಬಂದು ಅವಳ ಷೂ ಮೂಸಿತು. ಐಸಾ ಅದನ್ನು ತಾನೇ ಎತ್ತಿ ಕಾರಿನಲ್ಲಿಟ್ಟು, ತಾನು ಉಟ್ಟಿದ್ದ ಏಪ್ರನ್ ಬಿಚ್ಚಿ ಅದರ ಜೊತೆಗೆ ಹಾಕಿದಳು, ವಾಸನೆಗೆ. ಕಾರು ಹೊರಟಾಗ ನಿಂತು ನೋಡಲಿಲ್ಲ. ಒಳಗೆ ಹೋಗಿ ಹೆರಿಗೆಯ ಪೆಟ್ಟಿಗೆಗೆ ಬಿಸಿನೀರು ಸೋಡಾ ಹಾಕಿ ಉಜ್ಜಿದಳು. ವಾಟಿಗೆ ಹೇಳಿ ಅದನ್ನು ಒಡೆಸಿ ಸೌದೆ ಮಾಡಿಸಿದಳು.

ಅದಾದ ಒಂದು ವಾರಕ್ಕೆ, ನಾನು ಮರ್ಲಿಯ ಕಣ್ಣು ನೋಡಲು ಹೋಗಿದ್ದಾಗ, ರಸ್ತೆಯ ಕಾರಿನ ಸದ್ದು ದಾಟಿ ಹೋಗಲಿಲ್ಲ. ನಿಂತಿತು. ಬಾಗಿಲಲ್ಲಿ ರೋನಾ. ಕೈಯಲ್ಲಿ ಕೂಟಿಯ ಹಗ್ಗ. ಕೂಟಿ ಒಳಗೆ ನುಗ್ಗಿ ಮೂಲೆ ಮೂಲೆ ಮೂಸಿತು, ಪೆಟ್ಟಿಗೆ ಇದ್ದ ಜಾಗವನ್ನು ಮೂಸಿತು, ಅಲ್ಲೇ ನಿಂತಿತು.

"ಬಾ," ಎಂದಳು ಐಸಾ. "ಚಹಾ ಇಡ್ತೀನಿ."

"ಬೇಡ. ಕೆಲಸಕ್ಕೆ ಹೊತ್ತಾಗುತ್ತೆ." ರೋನಾ ಹೊಸಿಲು ದಾಟಲಿಲ್ಲ. "ಕೂ‌ಟಿ ಊಟ ಬಿಟ್ಟಿದ್ದಾಳೆ. ಮರಿಗಳನ್ನ ಹುಡುಕ್ತಾಳೆ, ಮನೆ ತುಂಬ. ಅದಕ್ಕೇ... ಒಂದು ಉಳಿದಿದ್ರೆ ಕೇಳೋಣ ಅಂತ ಬಂದೆ."

"ಇಲ್ಲ," ಎಂದಳು ಐಸಾ.

"ಒಂದೂ ಇಲ್ವಾ?"

"ಎಲ್ಲ ಹೋದ್ವು."

"ಓ." ರೋನಾ ಹಗ್ಗವನ್ನು ಕೈಗೆ ಸುತ್ತಿಕೊಂಡಳು. "ನನಗೆ ಅಂತ ಒಂದನ್ನ ಇಟ್ಕೊಂಡಿರ್ತೀಯ ಅಂದ್ಕೊಂಡಿದ್ದೆ. ಯಾಕೆ ಅಂದ್ಕೊಂಡೆನೋ."

ನಾನು ಬಾಯಿ ತೆರೆದೆ. ನರ್ಸಿನ ಮನೆ ದೂರವೇನಿರಲಿಲ್ಲ. ಐಸಾ ನನ್ನ ಕಡೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿದೆ.

"ಮರಿಗಳು ಕಾಯಲ್ಲ ಮಗಳೇ," ಎಂದಳು ಅವಳು.

"ಗೊತ್ತು. ನೀನೇ ಕಲಿಸಿದ್ದು." ರೋನಾ ಕೂಟಿಯನ್ನು ಕರೆದಳು. ಒಂದೇ ಸಲ, ಮೆಲ್ಲಗೆ. ಕೂಟಿ ಬಂದಿತು. ಇಬ್ಬರೂ ಹೋದರು. ಕಾರು ಹಾವಿಕ್ ಕಡೆ ತಿರುಗಿತು.

"ಒಂದು ವಾರದ ಹಿಂದಿನ ತನಕ ಇಟ್ಕೊಂಡು ಕಾದಿದ್ದೆ ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. ನನಗೆ ಸಿಟ್ಟು ಬಂದಿತ್ತು.

"ಹೇಳಿದ್ರೆ ಏನಾಗ್ತಿತ್ತು? ಅವಳು ಒಂದು ವಾರ ತಡ ಮಾಡ್ದೆ ಅಂತ ಸಾಯೋ ತನಕ ಕೊರಗ್ತಾಳೆ. ನನ್ನ ಮೇಲೆ ಸಿಟ್ಟಿದ್ರೆ ಊಟನಾದ್ರೂ ಮಾಡ್ತಾಳೆ." ನರ್ಸಿನ ಮನೆಯ ಮಾತನ್ನು ಅವಳೂ ಯೋಚಿಸಿದ್ದಳು. "ಆ ಮರಿ ಈಗ ಅಲ್ಲಿ ಒಂದು ಮೂಲೆ ಹುಡುಕ್ಕೊಂಡಿರುತ್ತೆ. ಅದನ್ನ ಇನ್ನೊಂದು ಸಲ ಕೀಳಕ್ಕೆ ನನ್ನ ಕೈಲಿ ಆಗಲ್ಲ."

ಅವಳು ಕೆಟಲಿಗೆ ನೀರು ತುಂಬಿಸಿ ಒಲೆಯ ಮೇಲಿಟ್ಟಳು. ಮೂರು ಬಟ್ಟಲು ತೆಗೆದಿದ್ದಳು. ಒಂದನ್ನು ಮತ್ತೆ ಕಪಾಟಿನಲ್ಲಿಟ್ಟಳು. ನನ್ನ ಕಡೆ ಬೆನ್ನು ಹಾಕಿಕೊಂಡೇ ಕೇಳಿದಳು.

"ತೆಳ್ಳಗಾಗಿದ್ದಾಳೆ, ಅಲ್ವಾ ಡಾಕ್ಟ್ರಮ್ಮ?"

ಹೌದು ಎಂದೆ.